ಲಿಲಿ ಪಾರ್ ಎಂಬ ಕಾಲ್ಚೆಂಡಿನಾಟಗಾರ್ತಿಯ ಚರಿತ್ರೆ

ನಾವು ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಕೀರ್ತಿಶಾಲಿನಿಯರಾದ ಅನೇಕ ಸ್ತ್ರೀಯರ ಚರಿತ್ರೆಗಳನ್ನು ಓದಿದೆವು. ರೋಗಿಗಳ ಶುಶ್ರೂಷೆಯಲ್ಲಿ ಜೀವಮಾನವನ್ನು ಕಳೆದವರು, ವಿದ್ಯಾದಾನ ಮಾಡಿದವರು, ರಾಜ್ಯವನ್ನಾಳಿದವರು, ಇವರೆಲ್ಲರೂ ನಮ್ಮ ಪಾಠದ ಪುಸ್ತಕಗಳಲ್ಲಿ ಇದ್ದರು. ಆದರೆ ಆಟದ ಬಯಲಿನಲ್ಲಿ ಹೆಸರು ಪಡೆದ ಹೆಣ್ಣುಮಗಳೊಬ್ಬಳ ಚರಿತ್ರೆಯು ಅವುಗಳಲ್ಲಿ ಇದ್ದುದಾಗಿ ನಮಗೆ ನೆನಪಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಬೇಕೆಂಬ ಇಚ್ಛೆಯಿಂದ, ಇಂಗ್ಲೆಂಡ್ ದೇಶದ ಲಿಲಿ ಪಾರ್ ಎಂಬಾಕೆಯ ವೃತ್ತಾಂತವನ್ನು ಈ ಸಂಚಿಕೆಯ ವಾಚಕರ ಮುಂದೆ ಇಡುತ್ತಿದ್ದೇವೆ. ಆಕೆಯು ರಾಣಿಯಲ್ಲ, ಪಂಡಿತಳೂ ಅಲ್ಲ. ಬಡವರ ಮನೆಯ ಹುಡುಗಿ. ಆಕೆಯ ಎಡಗಾಲಿನಿಂದ ಹೊರಟ ಚೆಂಡಿನ ವೇಗವೇ ಆಕೆಯನ್ನು ಲೋಕಪ್ರಸಿದ್ಧಳನ್ನಾಗಿ ಮಾಡಿತು.

ಲಿಲಿಯು 1905ನೆಯ ಇಸವಿ ಏಪ್ರಿಲ್ 26ರಂದು ಲ್ಯಾಂಕಶೈರ್ ಸೀಮೆಯ ಸೇಂಟ್ ಹೆಲೆನ್ಸ್ ಎಂಬ ಊರಿನಲ್ಲಿ ಜನಿಸಿದಳು. ಆ ಊರು ಗಾಜಿನ ಕಾರ್ಖಾನೆಗಳಿಗೆ ಹೆಸರಾದದ್ದು. ಆಕೆಯ ತಂದೆಯು ಅಂಥ ಒಂದು ಕಾರ್ಖಾನೆಯಲ್ಲಿ ಕೂಲಿಯಾಗಿದ್ದನು. ಮನೆಯಲ್ಲಿ ಏಳು ಮಂದಿ ಮಕ್ಕಳು. ಅವರಲ್ಲಿ ಲಿಲಿಯು ನಾಲ್ಕನೆಯವಳು. ಬಾಡಿಗೆಯ ಮನೆ, ಮಿತವಾದ ಆದಾಯ, ಹೀಗಿದ್ದ ಸಂಸಾರದಲ್ಲಿ ಹೆಣ್ಣುಮಕ್ಕಳು ಅಡಿಗೆ, ಹೊಲಿಗೆ ಮುಂತಾದ ಮನೆಗೆಲಸಗಳಲ್ಲಿ ಬೆಳೆಯುವುದು ವಾಡಿಕೆಯಾಗಿತ್ತು. ಲಿಲಿಗಾದರೋ ಅವುಗಳಲ್ಲಿ ಮನಸ್ಸು ನಿಲ್ಲಲಿಲ್ಲ. ಆಕೆಯು ತನ್ನ ಅಣ್ಣಂದಿರ ಸಂಗಡ ಮನೆಯ ಹತ್ತಿರದ ಬಯಲಿಗೆ ಹೋಗಿ ಕಾಲ್ಚೆಂಡನ್ನೂ ರಗ್ಬಿಯನ್ನೂ ಆಡುವಳು. ಹುಡುಗರು ಆಕೆಗಾಗಿ ಆಟವನ್ನು ಮೃದು ಮಾಡಲಿಲ್ಲ; ಆಕೆಯೂ ಅದನ್ನು ಬಯಸಲಿಲ್ಲ. ಚೆಂಡನ್ನು ಬಲವಾಗಿ ಒದೆಯುವುದು ಹೇಗೆ, ದೂರದಿಂದ ಗುರಿಯಿಡುವುದು ಹೇಗೆ ಎಂಬುದನ್ನು ಅಲ್ಲಿ ದಿನದಿನವೂ ಅಭ್ಯಾಸ ಮಾಡಿ ಕಲಿತಳು.

ಅದೇ ಕಾಲದಲ್ಲಿ ಮೊದಲನೆಯ ಮಹಾಯುದ್ಧವು ನಡೆಯುತ್ತಿತ್ತು. ಗಂಡಸರು ರಣರಂಗಕ್ಕೆ ಹೋದುದರಿಂದ ಕಾರ್ಖಾನೆಗಳ ಕೆಲಸವು ಹೆಂಗಸರ ಪಾಲಿಗೆ ಬಂದಿತು. ಪ್ರೆಸ್ಟನ್ ಪಟ್ಟಣದ ಡಿಕ್, ಕೆರ್ ಎಂಬ ಕಾರ್ಖಾನೆಯ ಹೆಣ್ಣಾಳುಗಳು ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ಚೆಂಡಾಡುತ್ತ, ಕೊನೆಗೆ ಒಂದು ತಂಡವನ್ನೇ ಕಟ್ಟಿದರು. 1917ರ ಕ್ರಿಸ್ಮಸ್ ದಿನದಂದು ಡೀಪ್‌ಡೇಲ್ ಎಂಬ ಕ್ರೀಡಾಂಗಣದಲ್ಲಿ, ಗಾಯಪಟ್ಟ ಸಿಪಾಯಿಗಳ ಆಸ್ಪತ್ರೆಗೆ ಹಣ ಕೂಡಿಸುವುದಕ್ಕಾಗಿ ಅವರು ಆಡಿದ ಪಂದ್ಯವನ್ನು ನೋಡಲು ಸುಮಾರು 10,000 ಮಂದಿ ಬಂದರು. ಆಲ್ಫ್ರೆಡ್ ಫ್ರಾಂಕ್‌ಲೆಂಡ್ ಎಂಬ ಕಾರ್ಖಾನೆಯ ನೌಕರನು ಆ ತಂಡದ ಮೇಲ್ವಿಚಾರಣೆಯನ್ನು ವಹಿಸಿಕೊಂಡನು.

ಲಿಲಿಯು ಹದಿನಾಲ್ಕು ವರ್ಷದವಳಾಗಿ ತನ್ನೂರಿನ ಸ್ತ್ರೀಯರ ತಂಡದಲ್ಲಿ ಆಡುತ್ತಿದ್ದಾಗ ಫ್ರಾಂಕ್‌ಲೆಂಡನು ಆಕೆಯ ಆಟವನ್ನು ಕಂಡನು. ಆಕೆಗೆ ಕಾರ್ಖಾನೆಯಲ್ಲಿ ಕೆಲಸವನ್ನೂ, ಆಡಿದ ಪಂದ್ಯವೊಂದಕ್ಕೆ ಹತ್ತು ಷಿಲ್ಲಿಂಗುಗಳನ್ನೂ ಕೊಡುವುದಾಗಿ ಹೇಳಿ ಪ್ರೆಸ್ಟನ್ನಿಗೆ ಕರೆಸಿಕೊಂಡನು. ಆಕೆಯು ತಂಡದ ಬೇರೊಬ್ಬ ಆಟಗಾರ್ತಿಯ ಮನೆಯಲ್ಲಿ ಇಳಿದುಕೊಂಡು ಆಟದಲ್ಲಿ ಸೇರಿದಳು. ಸುಮಾರು ಆರಡಿಯ ಎತ್ತರ, ಗಟ್ಟಿಯಾದ ಮೈಕಟ್ಟು, ಮಾತು ಕಡಿಮೆ, ಎಡಪಕ್ಕದಿಂದ ನುಗ್ಗಿ ಬರುವ ಓಟ, ಇಂಥ ಹುಡುಗಿಯನ್ನು ಎದುರುಪಕ್ಷದವರು ಬೇಗನೆ ಗುರುತಿಸತೊಡಗಿದರು. 1921ನೆಯ ಇಸವಿ ಫೆಬ್ರವರಿಯಲ್ಲಿ, ದೇಶದ ಉಳಿದ ಶ್ರೇಷ್ಠ ಆಟಗಾರ್ತಿಯರನ್ನು ಆರಿಸಿ ಕಟ್ಟಿದ ತಂಡವನ್ನು ಡಿಕ್, ಕೆರ್ ತಂಡವು 9–1ರಿಂದ ಸೋಲಿಸಿದಾಗ ಐದು ಗೋಲುಗಳು ಲಿಲಿಯವೇ ಆಗಿದ್ದವು. ಆಗ ಆಕೆಗೆ ಹದಿನಾರು ವರ್ಷವೂ ತುಂಬಿರಲಿಲ್ಲ.

ಆಕೆಯ ಒದೆತದ ಬಲದ ವಿಷಯದಲ್ಲಿ ಅನೇಕ ಕಥೆಗಳು ಹುಟ್ಟಿಕೊಂಡವು. ಒಬ್ಬ ಗಂಡು ಗೋಲ್‌ಕೀಪರನು ಹೆಣ್ಣಿನ ಹೊಡೆತವು ತನ್ನನ್ನೇನೂ ಮಾಡದೆಂದು ಹಾಸ್ಯ ಮಾಡಿ ನಿಂತನಂತೆ. ಲಿಲಿಯು ಒದೆದ ಚೆಂಡನ್ನು ತಡೆಯಹೋಗಿ ಆತನ ತೋಳಿನ ಎಲುಬೇ ಮುರಿಯಿತಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆಯಾದುದರಿಂದ ಇದಕ್ಕೆ ನಾವು ಜಾಮೀನು ನಿಲ್ಲಲಾರೆವು. ಆದರೆ ನಿಶ್ಚಲವಾಗಿಟ್ಟ ಭಾರವಾದ ಚೆಂಡನ್ನು ಆಕೆಯು ಎಡಗಡೆಯ ಅಂಚಿನಿಂದ ಬಲಗಡೆಯ ಅಂಚಿನವರೆಗೆ ಎತ್ತಿ ಕಳುಹಿಸುತ್ತಿದ್ದಳೆಂಬುದನ್ನು ಆಕೆಯ ಜತೆಗೆ ಆಡಿದವರೇ ತಿಳಿಸಿದ್ದಾರೆ. ಅಂದಿನ ಚೆಂಡು ತೊಗಲಿನದು. ಒಣಗಿದಾಗ 13ರಿಂದ 15 ಔನ್ಸು ತೂಕವಿರಬೇಕೆಂದು ನಿಯಮವಿದ್ದಿತು. ಇಂದಿನ ಚೆಂಡಿಗಿಂತ ಅದು ಹೆಚ್ಚೇನೂ ಅಲ್ಲ. ಆದರೆ ಮಳೆಯಲ್ಲಿ ತೊಗಲು ನೀರನ್ನು ಹೀರಿ ಚೆಂಡು ಬಹಳ ಭಾರವಾಗುತ್ತಿತ್ತು. ಇಂಗ್ಲೆಂಡಿನ ಚಳಿಗಾಲದಲ್ಲಿ ಮಳೆಗೇನು ಕಡಿಮೆ?

ಇಂಥ ಬಲವು ಎಲ್ಲಿಂದ ಬಂದಿತು? ದೇಹದ ದಪ್ಪದಿಂದ ಎಂದು ಹೇಳಿಬಿಡುವುದು ಸುಲಭ. ಅದು ಪೂರ್ಣ ಸತ್ಯವಲ್ಲ. ಒದೆತದ ಕ್ರಮವನ್ನು ಪರೀಕ್ಷಿಸಿದವರು ಹೇಳುವ ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ. ನಮ್ಮ ಶಾಲೆಯ ಬಯಲಿನಲ್ಲಿ ಆಡುವ ಹುಡುಗಿಯರಿಗೆ ಇವು ಉಪಯೋಗವಾಗಬಹುದು. ಕಾಲು ಚೆಂಡನ್ನು ಮುಟ್ಟಿರುವ ಕಾಲವು ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು ಮಾತ್ರ. ಆದುದರಿಂದ ಚೆಂಡನ್ನು ತಳ್ಳುವುದಕ್ಕೆ ಅವಕಾಶವೇ ಇರುವುದಿಲ್ಲ. ಮುಟ್ಟುವ ಕ್ಷಣದಲ್ಲಿ ಪಾದಕ್ಕೆ ಎಷ್ಟು ವೇಗವಿರುವುದೋ ಅದರ ಮೇಲೆಯೇ ಚೆಂಡಿನ ವೇಗವು ನಿಂತಿದೆ. ಆ ವೇಗವು ಪಾದದಲ್ಲಿ ಹುಟ್ಟುವುದಲ್ಲ. ಅದು ಸೊಂಟದಲ್ಲಿ ಆರಂಭವಾಗಿ ತೊಡೆಗೆ ಇಳಿದು, ತೊಡೆಯು ನಿಧಾನವಾಗುತ್ತಲೇ ಮೊಣಕಾಲಿನಿಂದ ಕೆಳಗಣ ಭಾಗಕ್ಕೆ ದಾಟಿ, ಕಡೆಗೆ ಪಾದವನ್ನು ಸೇರುವುದು. ಒನಕೆಯಿಂದ ಭತ್ತ ಕುಟ್ಟುವಾಕೆಯು ಬರಿಯ ಕೈಯಿಂದಲೇ ಕುಟ್ಟದೆ ಮೈಯೆಲ್ಲವನ್ನೂ ಬಳಸುವಂತೆಯೇ ಇದೂ ಸಹ.

ಒದೆಯುವವಳು ಚೆಂಡಿನ ಹಿಂದೆ ನೆಟ್ಟಗೆ ಓಡಿ ಬರದೆ ಸ್ವಲ್ಪ ಓರೆಯಾಗಿ ಬರಬೇಕು. ಆಗ ಸೊಂಟವು ತಿರುಗುವುದಕ್ಕೆ ಎಡೆ ದೊರೆಯುವುದು. ಊರಿ ನಿಲ್ಲುವ ಕಾಲು ಚೆಂಡಿನ ಪಕ್ಕದಲ್ಲಿ ಸುಮಾರು ಒಂದು ಗೇಣು ದೂರದಲ್ಲಿದ್ದು, ಅದರ ಬೆರಳುಗಳು ಗುರಿಯ ಕಡೆಗೆ ಮುಖವಾಗಿರಬೇಕು. ಅದು ಚೆಂಡಿಗಿಂತ ಬಹಳ ಹಿಂದೆ ಉಳಿದರೆ ಮೈ ಹಿಂದಕ್ಕೆ ಬಾಗಿ ಚೆಂಡು ಆಕಾಶಕ್ಕೆ ಏರುವುದು. ಒದೆಯುವ ಕಾಲಿನ ಹರಡು ಸಡಿಲವಾಗಿರದೆ ಬಿಗಿದು, ಪಾದವು ಕೆಳಮುಖವಾಗಿ ಚಾಚಿರಬೇಕು. ಮುಟ್ಟಬೇಕಾದುದು ಬೆರಳ ತುದಿಯಿಂದಲ್ಲ, ಪಾದದ ಮೇಲ್ಭಾಗದ ಗಟ್ಟಿಯಾದ ಎಲುಬಿನಿಂದ. ಚೆಂಡು ತಗ್ಗಾಗಿ ಹೋಗಬೇಕಾದರೆ ಮೊಣಕಾಲು ಅದರ ಮೇಲೆ ಬರುವಂತೆ ಬಾಗಿ ನಡುಮಧ್ಯದಲ್ಲಿ ಹೊಡೆಯಬೇಕು. ದೃಷ್ಟಿಯು ಕೊನೆಯ ಕ್ಷಣದವರೆಗೂ ಚೆಂಡನ್ನು ಬಿಡಬಾರದು. ಹೊಡೆದ ತರುವಾಯ ಕಾಲನ್ನು ತಟ್ಟನೆ ನಿಲ್ಲಿಸದೆ ಗುರಿಯ ಕಡೆಗೆ ಸಾಗಗೊಡಬೇಕು; ಹಾಗೆ ಮಾಡದವರು ಮುಟ್ಟುವುದಕ್ಕೆ ಮುಂಚೆಯೇ ವೇಗವನ್ನು ತಗ್ಗಿಸಿಬಿಡುವರು.

ಇವೆಲ್ಲವನ್ನೂ ಒಂದೇ ದಿನದಲ್ಲಿ ಸಾಧಿಸಲಾಗದು. ಮೊದಲು ನಿಂತ ಚೆಂಡು, ಅನಂತರ ಉರುಳುವ ಚೆಂಡು. ಮೊದಲು ಗುರಿ, ಆಮೇಲೆ ಬಲ. ಗೋಡೆಯೊಂದಿದ್ದರೆ ಜತೆಗಾರ್ತಿಯಿಲ್ಲದೆಯೂ ಅಭ್ಯಾಸ ಮಾಡಬಹುದು. ಮೈ ಬೆಚ್ಚಗಾಗದೆ ಬಲವಾಗಿ ಒದೆದರೂ, ದಣಿದ ಮೇಲೆ ಹಟದಿಂದ ಒದೆಯುತ್ತಿದ್ದರೂ ತೊಡೆಯ ಸ್ನಾಯುಗಳಿಗೆ ಕೇಡಾಗುವುದು. ಎರಡನೆಯ ಕಾಲನ್ನು ಮರೆಯಲೂ ಬಾರದು. ಬಯಲಿನಲ್ಲಿ ಅಣ್ಣಂದಿರ ಸಂಗಡ ವರ್ಷಗಟ್ಟಲೆ ಆಡಿದ ಲಿಲಿಗೆ ಈ ನಿಯಮಗಳ ಹೆಸರು ತಿಳಿದಿರಲಿಕ್ಕಿಲ್ಲ. ಆಕೆಯ ಕಾಲಿಗೆ ಮಾತ್ರ ಅವು ಚೆನ್ನಾಗಿ ತಿಳಿದಿದ್ದವು.

ಇನ್ನು ಆಕೆಯ ಜೀವಿತದ ಮುಖ್ಯ ಸಂಕಟಕ್ಕೆ ಬರುತ್ತೇವೆ. 1920ನೆಯ ಇಸವಿ ಡಿಸೆಂಬರ್ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕಿನಲ್ಲಿ ಡಿಕ್, ಕೆರ್ ತಂಡಕ್ಕೂ ಲಿಲಿಯ ತವರೂರಾದ ಸೇಂಟ್ ಹೆಲೆನ್ಸಿನ ತಂಡಕ್ಕೂ ಪಂದ್ಯವು ನಡೆಯಿತು. ಒಳಗೆ 53,000 ಮಂದಿ ನೆರೆದಿದ್ದರು. ಸ್ಥಳವಿಲ್ಲದೆ ಹೊರಗೆ ಉಳಿದವರೇ ಸಾವಿರಾರು. ಯುದ್ಧದಿಂದ ಹಿಂದಿರುಗಿ ಕೆಲಸವಿಲ್ಲದಿದ್ದ ಸಿಪಾಯಿಗಳಿಗಾಗಿ 3,000 ಪೌಂಡುಗಳಿಗಿಂತ ಹೆಚ್ಚು ಹಣವು ಕೂಡಿತು. ಸ್ತ್ರೀಯರ ಕ್ಲಬ್ ಪಂದ್ಯವೊಂದಕ್ಕೆ ಇದಕ್ಕಿಂತ ಹೆಚ್ಚು ಜನರು ಸೇರಿದುದು 2019ರಲ್ಲಿ, ಸ್ಪೇನ್ ದೇಶದಲ್ಲಿ.

ಇಷ್ಟು ಜನಾದರವನ್ನು ಕಂಡು ಸಂತೋಷಪಡಬೇಕಾದವರು ಸಂತೋಷಪಡಲಿಲ್ಲ. 1921ನೆಯ ಇಸವಿ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಘವು, ಈ ಆಟವು ಸ್ತ್ರೀಯರಿಗೆ ತಕ್ಕುದಲ್ಲವೆಂದೂ ಅದಕ್ಕೆ ಉತ್ತೇಜನ ಕೊಡಬಾರದೆಂದೂ ತೀರ್ಮಾನಿಸಿ, ತನಗೆ ಸೇರಿದ ಕ್ಲಬ್ಬುಗಳು ಅವರಿಗೆ ಕ್ರೀಡಾಂಗಣಗಳನ್ನು ಕೊಡಬಾರದೆಂದು ಗೊತ್ತುಮಾಡಿತು. ಕೂಡಿದ ಹಣದಲ್ಲಿ ಬಹುಭಾಗವು ಖರ್ಚಿಗೇ ಹೋಗುವುದೆಂಬ ಆಕ್ಷೇಪವನ್ನೂ ಸೇರಿಸಿತು. ಹುಡುಗಿಯರ ಆರೋಗ್ಯಕ್ಕೆ ಆಟದಿಂದ ಹಾನಿಯೆಂದು ಹೇಳುವ ವೈದ್ಯರೂ ಆ ಕಾಲದಲ್ಲಿ ಇದ್ದರು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಕಾರ್ಖಾನೆಯಲ್ಲಿ ಭಾರವಾದ ಕೆಲಸ ಮಾಡಿದ ಹೆಂಗಸರ ದೇಹಕ್ಕೆ ಯುದ್ಧಕಾಲದಲ್ಲಿ ಯಾರೂ ತೋರಿಸದಿದ್ದ ಮರುಕವು, ಅವರು ಚೆಂಡಾಡಿದಾಗ ಹುಟ್ಟಿತೆಂಬುದನ್ನು ವಾಚಕರು ಗಮನಿಸಬೇಕು.

ಲಿಲಿಗೆ ಆಗ ಹದಿನಾರು ವರ್ಷ. ಬೇರೆ ಯಾರಾದರೂ ಆಗಿದ್ದರೆ ಆಟವನ್ನು ಅಲ್ಲಿಗೇ ಬಿಡುತ್ತಿದ್ದರು. ಆಕೆಯೂ ಆಕೆಯ ಸಂಗಾತಿಗಳೂ ಬಿಡಲಿಲ್ಲ. ದೊಡ್ಡ ಕ್ರೀಡಾಂಗಣಗಳ ಬಾಗಿಲು ಮುಚ್ಚಿದಾಗ ಹೊಲಗಳಲ್ಲಿಯೂ ಊರ ಬಯಲುಗಳಲ್ಲಿಯೂ ಆಡಿದರು. 1922ರಲ್ಲಿ ಹಡಗನ್ನೇರಿ ಅಮೇರಿಕ ಖಂಡಕ್ಕೆ ಹೋದರು. ಕೆನಡಾ ದೇಶದಲ್ಲಿಯೂ ಅವರಿಗೆ ಆಡಲು ಅನುಮತಿ ದೊರೆಯಲಿಲ್ಲ. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯಾದರೋ ಗಂಡಸರ ತಂಡಗಳನ್ನೇ ಎದುರಿಸಿ ಒಂಬತ್ತು ಪಂದ್ಯಗಳನ್ನಾಡಿ ಕೆಲವನ್ನು ಗೆದ್ದೂ ಬಂದರು.

ಹೊಟ್ಟೆಯ ಪಾಡಿಗೆ ಲಿಲಿಯು ಪ್ರೆಸ್ಟನ್ನಿನ ಹತ್ತಿರದ ವಿಟಿಂಗ್‌ಹ್ಯಾಮ್ ಎಂಬ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ದಾದಿಯ ಕೆಲಸವನ್ನು ಹಿಡಿದಳು. ವಾರವೆಲ್ಲ ರೋಗಿಗಳ ಶುಶ್ರೂಷೆ, ಬಿಡುವಿನಲ್ಲಿ ಆಟ, ಹೀಗೆ ವರ್ಷಗಳು ಕಳೆದವು. ಆ ಕೆಲಸದ ಸಂಪಾದನೆಯಿಂದ ಆಕೆಯು ಸ್ವಂತ ಮನೆಯೊಂದನ್ನು ಕೊಂಡಳು. ಕೂಲಿಯ ಮಗಳಿಗೆ ಅದು ಸಾಮಾನ್ಯವಾದ ಸಾಧನೆಯಲ್ಲ. 1926ರಲ್ಲಿ ತಂಡವು ಕಾರ್ಖಾನೆಯಿಂದ ಬೇರ್ಪಟ್ಟು ಪ್ರೆಸ್ಟನ್ ಸ್ತ್ರೀಯರ ತಂಡವೆಂದು ಹೆಸರು ಪಡೆಯಿತು. 1946ರಲ್ಲಿ ಲಿಲಿಯು ಅದರ ನಾಯಕಿಯಾದಳು. ನಲವತ್ತೈದು ವರ್ಷ ವಯಸ್ಸಾಗುವವರೆಗೂ, ಅಂದರೆ ಮೂವತ್ತು ವರ್ಷಗಳ ಕಾಲ, ಆಕೆಯು ಆಟವನ್ನು ಬಿಡಲಿಲ್ಲ. ಆಕೆಯ ಗೋಲುಗಳು 900ಕ್ಕೂ ಹೆಚ್ಚೆಂದು ಗಣಿಸಿದ್ದಾರೆ.

ಆಕೆಯು ದೋಷವಿಲ್ಲದವಳೆಂದು ನಾವು ಹೇಳುವುದಿಲ್ಲ. ಧೂಮಪಾನದ ಅಭ್ಯಾಸವು ಆಕೆಗೆ ಎಳೆಯ ವಯಸ್ಸಿನಲ್ಲಿಯೇ ಅಂಟಿಕೊಂಡಿತ್ತು. ಮಾತಿನಲ್ಲಿ ಒರಟುತನವೂ ಇತ್ತು. ಅವು ಅನುಕರಣೆಗೆ ಯೋಗ್ಯವಲ್ಲ. ಅನುಕರಿಸಬೇಕಾದುದು ಆಕೆಯ ಅಭ್ಯಾಸವನ್ನೂ ಸ್ಥೈರ್ಯವನ್ನೂ.

1967ರಲ್ಲಿ ಆಕೆಗೆ ಸ್ತನದ ಕ್ಯಾನ್ಸರ್ ರೋಗವು ತಗುಲಿ ಶಸ್ತ್ರಚಿಕಿತ್ಸೆಯಾಯಿತು. ಅದರಿಂದ ಚೇತರಿಸಿಕೊಂಡು ಇನ್ನೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬದುಕಿದಳು. ಆದಕಾರಣ, ತನ್ನ ಹದಿನಾರನೆಯ ವರ್ಷದಲ್ಲಿ ಹಾಕಿದ ನಿಷೇಧವು ಸುಮಾರು ಐವತ್ತು ವರ್ಷಗಳ ತರುವಾಯ, 1970–71ರಲ್ಲಿ ತೆಗೆದುಹಾಕಲ್ಪಟ್ಟುದನ್ನು ನೋಡುವ ಭಾಗ್ಯವು ಆಕೆಗೆ ದೊರೆಯಿತು. ಆದರೆ ಆಡುವ ವಯಸ್ಸು ಎಂದೋ ಮುಗಿದುಹೋಗಿತ್ತು. 1978ನೆಯ ಇಸವಿ ಮೇ 24ರಂದು ತನ್ನ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಆಕೆಯು ಮೃತಳಾದಳು. ತನ್ನ ಹುಟ್ಟೂರಿನಲ್ಲಿಯೇ ಸಮಾಧಿಯಾದಳು. 2002ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕೀರ್ತಿಮಂದಿರದ ಮೊದಲನೆಯ ಪಟ್ಟಿಯಲ್ಲಿ ಸೇರಿದ ಏಕಮಾತ್ರ ಸ್ತ್ರೀಯು ಲಿಲಿ ಪಾರ್. 2019ರಲ್ಲಿ ಮ್ಯಾಂಚೆಸ್ಟರ್ ನಗರದಲ್ಲಿ ಆಕೆಯ ಪ್ರತಿಮೆಯನ್ನು ನಿಲ್ಲಿಸಿದರು. 2022ನೆಯ ಇಸವಿ ಜುಲೈ 31ರಂದು ಇಂಗ್ಲೆಂಡಿನ ಸ್ತ್ರೀಯರು ಜರ್ಮನಿಯನ್ನು ಸೋಲಿಸಿ ಯೂರೋಪಿನ ಪ್ರಶಸ್ತಿಯನ್ನು ಗೆದ್ದಾಗ ವೆಂಬ್ಲಿ ಕ್ರೀಡಾಂಗಣದಲ್ಲಿ 87,192 ಮಂದಿ ಪ್ರೇಕ್ಷಕರಿದ್ದರು.

ಪ್ರಿಯ ಸಹೋದರಿಯರೇ, ಈ ಚರಿತ್ರೆಯನ್ನು ಬರೆಯುವಾಗ ನಮಗೆ ನಮ್ಮ ಬಾಲ್ಯವು ನೆನಪಾಗುತ್ತದೆ. ಸಾಯಂಕಾಲದ ಗಂಟೆಯಾದೊಡನೆ ಬಯಲಿಗೆ ಓಡುತ್ತಿದ್ದ ನಮ್ಮಲ್ಲಿ ಎಷ್ಟೋ ಮಂದಿಯನ್ನು ಹದಿಮೂರೋ ಹದಿನಾಲ್ಕೋ ವರ್ಷ ತುಂಬಿದ ಮೇಲೆ ಮನೆಯವರು ಆಟ ಬಿಡಿಸಿದರು. ಅವರು ನಮ್ಮ ಹಿತವನ್ನೇ ಬಯಸಿದರೆಂಬುದರಲ್ಲಿ ಸಂದೇಹವಿಲ್ಲ. ಹಾಗಿದ್ದರೂ, ಗೆಳತಿಯರು ಆಡುತ್ತಿದ್ದಾಗ ಪುಸ್ತಕದ ಚೀಲವನ್ನು ಹಿಡಿದು ಬೇಲಿಯ ಹೊರಗೆ ನಿಂತು ನೋಡಿದ ಸಾಯಂಕಾಲಗಳನ್ನು ನಾವು ಮರೆತಿಲ್ಲ. ಲಿಲಿಯು ಆಟದಲ್ಲಿ ಪ್ರಸಿದ್ಧಿಗೆ ಬಂದುದು ಸರಿಯಾಗಿ ಅದೇ ವಯಸ್ಸಿನಲ್ಲಿ ಎಂಬುದನ್ನು ಓದಿದಾಗ ನಮ್ಮ ಮನಸ್ಸು ಸ್ವಲ್ಪ ಹೊತ್ತು ಮೌನವಾಯಿತು.

ಎಲ್ಲ ಹುಡುಗಿಯರೂ ಲಿಲಿಯಂತೆ ಆಗಲಾರರು. ಆಗಬೇಕಾದ ಅಗತ್ಯವೂ ಇಲ್ಲ. ಆದರೆ ಬಲವಾಗಿಯೂ ಗುರಿಯಾಗಿಯೂ ಒಂದು ಚೆಂಡನ್ನು ಒದೆಯಲು ಕಲಿತ ಹುಡುಗಿಯು, ತನ್ನ ದೇಹವು ಅಂಜಿಕೆಯಿಂದ ಅಡಗಿಸಿಡತಕ್ಕ ವಸ್ತುವಲ್ಲ, ತನ್ನ ಮಾತನ್ನು ಕೇಳತಕ್ಕ ಒಳ್ಳೆಯ ಸೇವಕನೆಂಬುದನ್ನು ಅರಿಯುವಳು. ಈ ಅರಿವು ಪರೀಕ್ಷೆಯ ಅಂಕಗಳಲ್ಲಿ ಕಾಣಿಸದು, ಬಾಳಿನಲ್ಲಿ ಕಾಣಿಸುವುದು. ಆದುದರಿಂದ ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ: ಸಾಯಂಕಾಲ ನಿಮ್ಮ ಮಗಳು ಕೆಸರಾದ ಲಂಗದಲ್ಲಿ ತಡವಾಗಿ ಮನೆಗೆ ಬಂದರೆ, ಗದರಿಸುವುದಕ್ಕೆ ಮೊದಲು, ಈ ಹೊತ್ತು ಎಷ್ಟು ಗೋಲು ಹೊಡೆದಳೆಂದು ಕೇಳಿರಿ.