ಉಳಿದುದನ್ನು ಎಣಿಸಿದ ಗಣಿತಜ್ಞ

ವಿಪತ್ತು ಒದಗಿದಾಗ ಕಳೆದುಹೋದುದನ್ನೇ ಎಣಿಸುತ್ತ ಕುಳಿತುಕೊಳ್ಳುವುದು ಮನುಷ್ಯಸ್ವಭಾವ. ಉಳಿದುದನ್ನು ಎಣಿಸಿ ಬಾಳಿದವರು ವಿರಳ. ಅಂಥವರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಅಗ್ರಗಣ್ಯನು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೭೦೭ರಲ್ಲಿ ಜನಿಸಿದ ಈತನು ಮೂವತ್ತರ ಆಸುಪಾಸಿನಲ್ಲಿಯೇ ಬಲಗಣ್ಣಿನ ದೃಷ್ಟಿಯನ್ನು ಕಳೆದುಕೊಂಡನು. ೧೭೬೬ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಮರಳಿದ ಮೇಲೆ ಎಡಗಣ್ಣಿಗೂ ಪೊರೆ ಕವಿಯಿತು. ೧೭೭೧ರಲ್ಲಿ ಮನೆಯು ಅಗ್ನಿಗೆ ಆಹುತಿಯಾಯಿತು. ಅದೇ ವರ್ಷ ಶಸ್ತ್ರಚಿಕಿತ್ಸೆಯಿಂದ ಮರಳಿದ ದೃಷ್ಟಿಯು ಅಲ್ಪಕಾಲದಲ್ಲಿಯೇ ನಂದಿತು. ೧೭೭೩ರಲ್ಲಿ ಪತ್ನಿವಿಯೋಗವೂ ಸಂಭವಿಸಿತು.

ಆದರೂ ಆತನು ಎದೆಗುಂದಲಿಲ್ಲ. ಗಣಿತದ ಸೂತ್ರಗಳೂ ವರ್ಜಿಲ್ ಕವಿಯ ಮಹಾಕಾವ್ಯವೂ ಆತನಿಗೆ ಕಂಠಸ್ಥವಾಗಿದ್ದವು. ದೀರ್ಘ ಗಣನೆಗಳನ್ನು ಮನಸ್ಸಿನಲ್ಲಿಯೇ ಮಾಡಿ, ಪುತ್ರನಿಗೂ ಸಹಾಯಕರಿಗೂ ಹೇಳಿ ಬರೆಸಿದನು. ಚಂದ್ರನ ಗತಿಯನ್ನು ಕುರಿತ ಜಟಿಲವಾದ ಗ್ರಂಥವು ೧೭೭೨ರಲ್ಲಿ ಹೀಗೆಯೇ ಹೊರಬಂದಿತು. ಆತನ ಸಮಗ್ರ ಕೃತಿರಾಶಿಯ ಅರ್ಧದಷ್ಟು ಈ ಅಂಧತ್ವದ ಕಾಲದ್ದೆಂದು ವಿದ್ವಾಂಸರ ಗಣನೆ. ೧೭೮೩ರಲ್ಲಿ ದೇಹಾಂತವಾದ ದಿನವೂ ಆತನ ಲೆಕ್ಕವು ನಿಂತಿರಲಿಲ್ಲ.

ಬೆಂಕಿಯು ಮನೆಯನ್ನು ಸುಡಬಹುದು, ವ್ಯಾಧಿಯು ಕಣ್ಣನ್ನು ಕಸಿಯಬಹುದು. ಕಂಠಗತವಾದ ವಿದ್ಯೆಯನ್ನು ಅವು ಮುಟ್ಟಲಾರವು. ಬಾಯಿಪಾಠವೆಂದರೆ ಬೇಸರಪಡುವ ಮಕ್ಕಳಿಗೆ ಈ ಜೀವನವನ್ನು ಹಿರಿಯರು ಅವಶ್ಯವಾಗಿ ತಿಳಿಸಿಹೇಳಬೇಕು.