ಇಮಾಮ್ ಅಹ್ಮದ್ ಇಬ್ನ್ ಹಂಬಲ್

ಟೈಗ್ರಿಸ್ ನದಿಯ ದಡದಲ್ಲಿರುವ ಬಾಗ್ದಾದ್ ನಗರವು ಎಂಟನೆಯ ಶತಮಾನದಲ್ಲಿ ಅಬ್ಬಾಸೀ ಖಲೀಫರ ರಾಜಧಾನಿಯಾಗಿತ್ತು. ಸಿರಿಗೂ ವಿದ್ಯೆಗೂ ಅದು ನೆಲೆವೀಡಾಗಿತ್ತು. ಆ ನಗರದಲ್ಲಿ ಕ್ರಿ.ಶ. 780ರಲ್ಲಿ ಅಹ್ಮದ್ ಇಬ್ನ್ ಹಂಬಲರು ಜನಿಸಿದರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರನ್ನು ತಾಯಿಯೇ ಸಾಕಿ ಬೆಳೆಸಿದರು.

ಪ್ರವಾದಿ ಮುಹಮ್ಮದರ ನಡೆನುಡಿಗಳನ್ನು ತಿಳಿಸುವ ಹದೀಸ್‌ಗಳ ಸಂಗ್ರಹವು ಅಹ್ಮದರ ಜೀವನದ ಗುರಿಯಾಯಿತು. ಅದಕ್ಕಾಗಿ ಅವರು ಕೂಫಾ, ಬಸ್ರಾ, ಮಕ್ಕಾ, ಮದೀನಾ ಹಾಗೂ ದೂರದ ಯೆಮನ್ ದೇಶಕ್ಕೆ ಪ್ರಯಾಣ ಮಾಡಿದರು. ದಾರಿಯಲ್ಲಿ ಹಣ ಮುಗಿದಾಗ ಕೂಲಿ ಮಾಡಿದರೇ ಹೊರತು ಯಾರ ಮುಂದೆಯೂ ಕೈಯೊಡ್ಡಲಿಲ್ಲವೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಅವರ 'ಮುಸ್ನದ್' ಎಂಬ ಮಹಾಸಂಗ್ರಹದಲ್ಲಿ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಹದೀಸ್‌ಗಳಿವೆ.

ಆ ಕಾಲದ ಖಲೀಫನಾದ ಮಾಮೂನನು ಸ್ವತಃ ವಿದ್ಯಾಪ್ರೇಮಿ. ಗ್ರೀಕ್ ಗ್ರಂಥಗಳ ಅರಬ್ಬೀ ಭಾಷಾಂತರಕ್ಕೆ ಅವನು ಉದಾರವಾಗಿ ನೆರವಿತ್ತನು. ತರ್ಕಕ್ಕೆ ಪ್ರಾಧಾನ್ಯ ಕೊಡುತ್ತಿದ್ದ ಮುಅ್ತಜಿಲಾ ಪಂಥದವರಂತೆ, ಕುರ್‌ಆನ್ ದೇವರಿಂದ ಸೃಷ್ಟಿಯಾದುದೆಂದು ಅವನು ನಂಬಿದ್ದನು. ಅದು ದೇವರ ವಾಣಿ, ಸೃಷ್ಟಿಯಾದ ವಸ್ತುವಲ್ಲ ಎಂಬುದು ಅಹ್ಮದರ ನಿಲುವು. ಪಂಡಿತರು ಕೂಡಿ ಚರ್ಚಿಸಬೇಕಾದ ಈ ವಿಷಯವನ್ನು ಮಾಮೂನನು 833ರಲ್ಲಿ ರಾಜಾಜ್ಞೆಯನ್ನಾಗಿ ಮಾಡಿದನು. ನ್ಯಾಯಾಧೀಶರನ್ನೂ ವಿದ್ವಾಂಸರನ್ನೂ ಕರೆಸಿ ವಿಚಾರಣೆ ನಡೆಸಲಾಯಿತು. ಇದನ್ನೇ ಇತಿಹಾಸವು 'ಮಿಹ್ನಾ', ಅಂದರೆ ಪರೀಕ್ಷೆ, ಎಂದು ಕರೆಯುತ್ತದೆ.

ಹಲವರು ಅಂಜಿ ಒಪ್ಪಿದರು, ಅಹ್ಮದರು ಒಪ್ಪಲಿಲ್ಲ. ಸಂಕೋಲೆ ತೊಡಿಸಿ ಅವರನ್ನು ಖಲೀಫನ ಬಳಿಗೆ ಕಳುಹಿಸಲಾಯಿತು. ಅವರು ಇನ್ನೂ ದಾರಿಯಲ್ಲಿದ್ದಾಗಲೇ ಮಾಮೂನನು ತೀರಿಕೊಂಡನು. ಆದರೆ ಕಷ್ಟ ತೀರಲಿಲ್ಲ. ಮುಂದಿನ ಖಲೀಫನಾದ ಮುಅ್ತಸಿಮನು ಅವರನ್ನು ಸೆರೆಯಲ್ಲಿಟ್ಟು, ಛಡಿಯೇಟಿಗೆ ಗುರಿಪಡಿಸಿದನು. ಶಾಸ್ತ್ರಾಧಾರವನ್ನು ತೋರಿಸಿದರೆ ಮಾತ್ರ ಒಪ್ಪುವುದಾಗಿ ಅವರು ಹೇಳುತ್ತಲೇ ಇದ್ದರು. ಬಿಡುಗಡೆಯಾದ ಮೇಲೆ ಅವರು ತಮ್ಮನ್ನು ಹಿಂಸಿಸಿದ ದೊರೆಯನ್ನು ಕ್ಷಮಿಸಿದರೆಂದು ಹೇಳಲಾಗುತ್ತದೆ. ಮುಂದೆ ವಾಸಿಕನ ಆಳ್ವಿಕೆಯಲ್ಲಿ ಕೆಲವರು ದಂಗೆಯ ಆಲೋಚನೆಯನ್ನು ಅವರ ಮುಂದಿಟ್ಟರು. ರಕ್ತಪಾತವಾದೀತೆಂದು ಅಹ್ಮದರು ಅದನ್ನು ನಿರಾಕರಿಸಿದರು.

847ರಲ್ಲಿ ಪಟ್ಟವೇರಿದ ಮುತವಕ್ಕಿಲನು ಕೆಲವೇ ವರ್ಷಗಳಲ್ಲಿ ಮಿಹ್ನಾವನ್ನು ನಿಲ್ಲಿಸಿದನು. ಅಹ್ಮದರನ್ನು ಸಾಮರ್ರಾ ನಗರದ ಅರಮನೆಗೆ ಬರಮಾಡಿಕೊಂಡು, ಧನಕನಕಗಳಿಂದ ಗೌರವಿಸಲು ಬಯಸಿದನು. ಅಹ್ಮದರಿಗೆ ಇದು ಎರಡನೆಯ ಪರೀಕ್ಷೆಯಾಯಿತು. ಅರಮನೆಯ ಊಟವನ್ನೂ ಅವರು ಮುಟ್ಟಲಿಲ್ಲ. ತಮ್ಮ ಮಕ್ಕಳು ರಾಜವೇತನವನ್ನು ಸ್ವೀಕರಿಸಿದಾಗ ನೊಂದುಕೊಂಡರು. ಸೆರೆಮನೆಗೆ ಅಂಜದವರನ್ನು ಸನ್ಮಾನವೂ ಸೆಳೆಯಲಾರದೆ ಹೋಯಿತು.

855ರಲ್ಲಿ ಅಹ್ಮದರು ಬಾಗ್ದಾದಿನಲ್ಲಿ ಕಾಲವಾದಾಗ ಅಂತಿಮಯಾತ್ರೆಗೆ ಜನಸಾಗರವೇ ಸೇರಿತು. ಸುನ್ನೀ ಮುಸಲ್ಮಾನರ ನಾಲ್ಕು ಧರ್ಮಶಾಸ್ತ್ರ ಪರಂಪರೆಗಳಲ್ಲಿ ಒಂದು ಇಂದಿಗೂ ಹಂಬಲೀ ಎಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮಿಹ್ನಾದ ಬಳಿಕ ಸುನ್ನೀ ಮುಸಲ್ಮಾನರಲ್ಲಿ ಧರ್ಮತತ್ತ್ವವನ್ನು ನಿರ್ಣಯಿಸುವ ಹೊಣೆಯು ಬಹುಮಟ್ಟಿಗೆ ಖಲೀಫರ ಕೈಯಲ್ಲಿರದೆ ವಿದ್ವಾಂಸರಲ್ಲಿಯೇ ನೆಲೆಗೊಂಡಿತು. ದೊರೆಯ ವಿರುದ್ಧ ಕತ್ತಿಯೆತ್ತದೆ, ದೊರೆಯ ಭಯಕ್ಕೂ ಬಹುಮಾನಕ್ಕೂ ಮಣಿಯದೆ ಬಾಳಿದ ಅಹ್ಮದರ ಜೀವನವು ವಿದ್ಯಾವಂತರೆಲ್ಲರಿಗೂ ಆದರ್ಶಪ್ರಾಯವಾಗಿದೆ.