ಅಲೆಸ್ಸಾಂಡ್ರೊ ವೋಲ್ಟಾ: ಬ್ಯಾಟರಿಯ ಜನಕ

ವ್ಯಾನು ಮಾಡಿಕೊಂಡು ವೇಳಾಂಕಣ್ಣಿಗೆ ಹೋಗಿಬಂದವರಿಗೆ ಇದು ಹೊಸತಲ್ಲ. ರಾತ್ರಿ ದಾರಿಯಲ್ಲಿ ಗಾಡಿ ನಿಲ್ಲಿಸಿ, ಫ್ಯಾನು ಹಾಕಿ, ಲೈಟು ಉರಿಸಿ ಮಲಗಿದರೆ ಬೆಳಿಗ್ಗೆ ಎಂಜಿನ್ ಏಳುವುದೇ ಇಲ್ಲ. ತಳ್ಳುವ ಕೆಲಸ ಯಾತ್ರಿಕರ ಪಾಲಿಗೆ. ಈಗ ಹಾಸಿಗೆ, ಒಲೆ, ಫ್ರಿಜ್ ಎಲ್ಲ ಇರುವ ಕ್ಯಾಂಪರ್ ವ್ಯಾನುಗಳೂ ನಮ್ಮಲ್ಲಿ ಬಂದಿವೆ. ಅವುಗಳ ವಿದ್ಯುತ್ ವ್ಯವಸ್ಥೆಯನ್ನು ಅರಿಯಲು ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಅವರ ಬದುಕಿನಿಂದ ಹೊರಡುವುದು ಒಳ್ಳೆಯದು.

ವೋಲ್ಟಾ ಹುಟ್ಟಿದ್ದು 1745ರ ಫೆಬ್ರವರಿ 18ರಂದು, ಸರೋವರದ ದಡದ ಕೋಮೊ ನಗರದಲ್ಲಿ. ತಂದೆ ಫಿಲಿಪ್ಪೊ ಹಲವು ವರ್ಷ ಯೇಸುಸಭೆಯಲ್ಲಿದ್ದು, ವಂಶ ನಿಲ್ಲಬಾರದೆಂದು ಹೊರಬಂದು ಮದುವೆಯಾದವರು. ಹತ್ತಿರದ ಬಂಧುಗಳಲ್ಲಿ ಗುರುಗಳು ಹಲವರಿದ್ದರು. ನಾಲ್ಕು ವರ್ಷವಾದರೂ ಬಾಲಕನಿಗೆ ಸರಿಯಾಗಿ ಮಾತು ಬರಲಿಲ್ಲ ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ತಂದೆ ಬೇಗನೆ ತೀರಿಕೊಂಡರು. ಯೇಸುಸಭೆಯವರ ಶಾಲೆಯಲ್ಲಿ ಓದುವಾಗ ಗುರುಗಳು ಹುಡುಗನನ್ನು ಸಭೆಗೆ ಸೇರಿಸಿಕೊಳ್ಳಲು ಬಯಸಿದರು; ಮನೆಯವರು ಒಪ್ಪದೆ ಶಾಲೆಯನ್ನೇ ಬಿಡಿಸಿದರು. ಆಗ ನೆರವಾದವರು ಗೆಳೆಯ ಗತ್ತೋನಿ. ಅವರ ಉಪಕರಣಗಳೇ ವೋಲ್ಟಾ ಅವರ ಮೊದಲ ಪ್ರಯೋಗಶಾಲೆ.

1776ರಲ್ಲಿ ಮಜ್ಜೋರೆ ಸರೋವರದ ಕೆಸರು ಕೆದಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಆ ಗಾಳಿಗೆ ಬೆಂಕಿ ಹತ್ತುತ್ತದೆಂದು ತೋರಿಸಿದರು. ಅದು ಮೀಥೇನ್, ನಮ್ಮ ಹಟ್ಟಿಯ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ. ಮುಚ್ಚಿದ ಪಾತ್ರೆಯಲ್ಲಿ ಇಂಥ ಅನಿಲ ತುಂಬಿ ವಿದ್ಯುತ್ ಕಿಡಿ ಕೊಟ್ಟರೆ ಸಿಡಿಯುತ್ತದೆ ಎಂಬುದನ್ನೂ ಕಂಡುಕೊಂಡರು. ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಾಡದ ವ್ಯಾನಿನೊಳಗೆ, ಮಲಗುವ ಮಂಚದಡಿ ಅದನ್ನಿಡುವವರು ಈ ಪ್ರಯೋಗವನ್ನು ನೆನಪಿಡಬೇಕು.

ಅಷ್ಟರಲ್ಲಿ ಅವರು ಪಾವಿಯ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. 1791ರಲ್ಲಿ ಬೊಲೋನ್ಯದ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಲೋಹ ತಗುಲಿದಾಗ ಅದುರುವುದನ್ನು ಪ್ರಕಟಿಸಿ, ವಿದ್ಯುತ್ತು ಪ್ರಾಣಿಯೊಳಗೇ ಇದೆ ಎಂದರು. ವೋಲ್ಟಾ ಮೊದಲು ಒಪ್ಪಿದರು, ಆಮೇಲೆ ಅನುಮಾನಿಸಿದರು. ಎರಡು ಬೇರೆ ಬೇರೆ ಲೋಹಗಳಿದ್ದಾಗ ಕಾಲು ಹೆಚ್ಚು ಅದುರುವುದೇಕೆ? ವಾದ ವರ್ಷಗಟ್ಟಲೆ ನಡೆಯಿತು. ಗಾಲ್ವಾನಿಯೂ ದೈವಭಕ್ತರೇ. ನೆಪೋಲಿಯನ್ನನ ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಮನಸ್ಸೊಪ್ಪದೆ ಕೆಲಸ ಕಳೆದುಕೊಂಡು 1798ರಲ್ಲಿ ತೀರಿಕೊಂಡರು. ವೋಲ್ಟಾ ಅಧಿಕಾರದಲ್ಲಿದ್ದವರೊಡನೆ ಹೊಂದಿಕೊಂಡು ಹೋದರು. ಅವರ ಬಗ್ಗೆ ಬರೆಯುವವರು ಇದನ್ನು ಮುಚ್ಚಿಡಬಾರದು. ಆದರೂ 1799ರಲ್ಲಿ ಆಸ್ಟ್ರಿಯದವರು ಮರಳಿ ಬಂದು ವಿಶ್ವವಿದ್ಯಾನಿಲಯವನ್ನೇ ಮುಚ್ಚಿದಾಗ ಅವರಿಗೂ ಕೆಲಸ ಹೋಯಿತು. ಮನೆಯಲ್ಲಿ ಮಡದಿ ತೆರೇಸಾ, ಮೂವರು ಚಿಕ್ಕ ಗಂಡುಮಕ್ಕಳು.

1800ರ ಮಾರ್ಚ್ 20ರಂದು ಕೋಮೊದಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ಅವರ ಪತ್ರ ಹೊರಟಿತು. ಬೆಳ್ಳಿಯದೊಂದು ಬಿಲ್ಲೆ, ಸತುವಿನದೊಂದು ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು. ಹೀಗೆ ಒಂದರ ಮೇಲೊಂದು ಪೇರಿಸಿದ ಕಂಬದ ಎರಡು ತುದಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಜೋಡಿ ಹೆಚ್ಚಿದಷ್ಟೂ ಬಲ ಹೆಚ್ಚು. ಕಪ್ಪೆ ಬೇಕಾಗಲಿಲ್ಲ. ಆದರೆ ವಿದ್ಯುತ್ತು ಹುಟ್ಟುವುದು ಲೋಹಗಳ ಸ್ಪರ್ಶದಿಂದಲೇ ಎಂದು ಅವರು ನಂಬಿದ್ದು ಸರಿಯಲ್ಲ. ಅದು ರಾಸಾಯನಿಕ ಕ್ರಿಯೆ. ಸತುವು ಸವೆಯುತ್ತದೆ, ಸವೆದ ಮೇಲೆ ಕಂಬ ನಿರ್ಜೀವ. ಜೀವಿಯ ದೇಹದಲ್ಲಿ ವಿದ್ಯುತ್ತಿದೆ ಎಂಬ ಗಾಲ್ವಾನಿಯ ಮಾತಿನಲ್ಲೂ ಸತ್ಯವಿತ್ತೆಂದು ಮುಂದೆ ತಿಳಿಯಿತು.

ಸವೆದದ್ದನ್ನು ಮತ್ತೆ ತುಂಬುವ ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಮಾಡಿದರು. ಪೇರಿಸುವ ಲೆಕ್ಕ ಮಾತ್ರ ವೋಲ್ಟಾ ಅವರದ್ದೇ. ಸೀಸದ ಒಂದು ಕೋಶಕ್ಕೆ ಸುಮಾರು 2 ವೋಲ್ಟ್, ಆರು ಸೇರಿದರೆ 12. ಲಿಥಿಯಂ ಐರನ್ ಫಾಸ್ಫೇಟಿನ ಕೋಶಕ್ಕೆ 3.2, ನಾಲ್ಕು ಸೇರಿದರೆ 12.8. ಕ್ಯಾಂಪರ್ ವ್ಯಾನಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ: ಒಂದು ಎಂಜಿನ್ ಎಬ್ಬಿಸಲು, ಇನ್ನೊಂದು ಮನೆವಾರ್ತೆಗೆ. ಓಡುವಾಗ ಎರಡೂ ಚಾರ್ಜ್ ಆಗಬೇಕು, ನಿಂತಾಗ ಒಂದರ ಖರ್ಚು ಇನ್ನೊಂದಕ್ಕೆ ತಟ್ಟಬಾರದು. ಅದಕ್ಕೆ ನಡುವೆ ರಿಲೇ ಅಥವಾ ಡಿಸಿ ಚಾರ್ಜರ್ ಇರುತ್ತದೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯೆಂದರೆ 1200 ವಾಟ್-ಅವರ್. ಸೀಸದ್ದಾದರೆ ಅರ್ಧ ಮಾತ್ರ ಬಳಸುವುದು ಕ್ಷೇಮ, ಅಂದರೆ 600. ತಲಾ 15 ವಾಟಿನ ಎರಡು ಫ್ಯಾನು 8 ಗಂಟೆ ತಿರುಗಿದರೆ 240 ಹೋಯಿತು. ಸರಾಸರಿ 25 ವಾಟ್ ಎಳೆಯುವ ಫ್ರಿಜ್ ದಿನವಿಡೀ ಓಡಿದರೆ ಅದೊಂದೇ 600 ತಿಂದುಬಿಡುತ್ತದೆ! ಹಾಗಾಗಿ ಮಾಡಿನ ಮೇಲೆ ಸೋಲಾರ್ ಫಲಕ ಬೇಕು. ಮಳೆ ಕಡಿಮೆಯಿರುವ ಗೌರಿಬಿದನೂರು ತಾಲೂಕಿನ ನಗರಗೆರೆಯಂಥ ಬಯಲು ಸೀಮೆಯಲ್ಲಿ ಅದು ಚೆನ್ನಾಗಿ ದುಡಿಯುತ್ತದೆ. ಜುಲೈ ತಿಂಗಳ ನಮ್ಮ ಕರಾವಳಿಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

1801ರಲ್ಲಿ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನೆದುರು ವೋಲ್ಟಾ ಪ್ರಯೋಗ ತೋರಿಸಿದರು. ಚಿನ್ನದ ಪದಕ, ಮುಂದೆ ಕೌಂಟ್ ಪದವಿ ಬಂದವು. ಊರಿಗೆ ಮರಳಿದಾಗ ಅವರು ಹಳೆಯ ವೋಲ್ಟಾ ಅವರೇ: ತಪ್ಪದೆ ಬಲಿಪೂಜೆ, ಧರ್ಮಕೇಂದ್ರದ ಮಕ್ಕಳಿಗೆ ಸತ್ಯೋಪದೇಶ. 1814ರಲ್ಲಿ ಮಗ ಫ್ಲಾಮಿನಿಯೊ ತೀರಿಕೊಂಡ. ಮರುವರ್ಷ ಜನವರಿಯಲ್ಲಿ, ವಿಜ್ಞಾನಿಯ ಭಕ್ತಿ ಬರಿಯ ತೋರಿಕೆಯಿರಬಹುದೆಂಬ ಸಂಶಯಕ್ಕೆ ಉತ್ತರವಾಗಿ, ಗುರುವೊಬ್ಬರ ಕೋರಿಕೆಯಂತೆ ತಮ್ಮ ವಿಶ್ವಾಸವನ್ನು ಬರೆದುಕೊಟ್ಟರು. ಓದಿ, ವಿಚಾರಮಾಡಿ ಉಳಿಸಿಕೊಂಡ ವಿಶ್ವಾಸ ಅದೆಂದು ಅದರಲ್ಲಿ ಸ್ಪಷ್ಟಪಡಿಸಿದರು. ಮಗನನ್ನು ಮಣ್ಣು ಮಾಡಿದ ತಂದೆ ಬರೆದದ್ದು ಎಂಬುದನ್ನು ಮರೆಯದೆ ಆ ಪತ್ರವನ್ನು ಓದಬೇಕು.

1827ರ ಮಾರ್ಚ್ 5ರಂದು, 82ರ ಹರೆಯದಲ್ಲಿ ಅವರು ನಿಧನರಾದರು. 1881ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಸಮ್ಮೇಳನ ವಿದ್ಯುತ್ ಒತ್ತಡದ ಮಾನಕ್ಕೆ ವೋಲ್ಟ್ ಎಂದು ಹೆಸರಿಟ್ಟಿತು.

ವ್ಯಾನಿನ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಬೇಕು, ತಂತಿ ದಪ್ಪವಿರಬೇಕು ಎಂದು ಮೆಕ್ಯಾನಿಕ್ಕುಗಳು ಹೇಳುವುದು ಸುಮ್ಮನೆ ಅಲ್ಲ. ಇನ್ವರ್ಟರಿನಿಂದ 600 ವಾಟ್ ಎಳೆದರೆ 12 ವೋಲ್ಟಿನ ತಂತಿಯಲ್ಲಿ 50 ಆಂಪಿಯರಿಗೂ ಹೆಚ್ಚು ಹರಿಯುತ್ತದೆ; ಸಣ್ಣ ತಂತಿ ಕೆಂಪಗೆ ಕಾಯುತ್ತದೆ. 1899ರಲ್ಲಿ ಬ್ಯಾಟರಿಯ ಶತಮಾನೋತ್ಸವಕ್ಕೆಂದು ಕೋಮೊದಲ್ಲಿ ದೊಡ್ಡ ಪ್ರದರ್ಶನ ಏರ್ಪಟ್ಟಿತ್ತು. ಜುಲೈಯಲ್ಲಿ ಅಲ್ಲಿ ಬೆಂಕಿ ಎದ್ದು, ವೋಲ್ಟಾ ಅವರು ಕೈಯಾರೆ ಬಳಸಿದ ಉಪಕರಣಗಳಲ್ಲಿ ಬಹುಪಾಲು ಸುಟ್ಟುಹೋದವು. ಉಳಿದವುಗಳನ್ನೂ ಮಾದರಿಗಳನ್ನೂ ಸರೋವರದ ದಡದ ವೋಲ್ಟಾ ಸ್ಮಾರಕದಲ್ಲಿ ಇರಿಸಲಾಗಿದೆ.